ಮಗುವಿನ ಹೆಸರಿಗೆ ಬೇರೆ ಬಗೆಯ ಕಾಗುಣಿತ: ಯಾವ ದಾರಿಯನ್ನು ಆರಿಸಿಕೊಳ್ಳಬೇಕು?

ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಮಗುವಿನ ಹೆಸರಿನ ಚರ್ಚೆ ಈಗ ಎರಡು ಸುತ್ತಿನಲ್ಲಿ ನಡೆಯುತ್ತದೆ. ಹೆಸರು ಯಾವುದು ಎಂಬುದು ಮೊದಲ ಸುತ್ತು. ಅದರಲ್ಲಿ ಅಜ್ಜಿ, ತಾತ, ಸೋದರಮಾವ, ಸೋದರತ್ತೆ ಎಲ್ಲರೂ ಸೇರುತ್ತಾರೆ. ಹೆಸರು ಒಪ್ಪಿಗೆಯಾದ ಮೇಲೆ ಅಕ್ಷರಗಳ ಸುತ್ತು ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ‘ಎ’ ಸಾಕೋ ಎರಡು ಬೇಕೋ, ಕೊನೆಯಲ್ಲಿ ‘ಎಚ್’ ಇರಲೋ ಬೇಡವೋ, ಕನ್ನಡದಲ್ಲಿ ‘ದ’ ಬರೆಯಬೇಕೋ ‘ಧ’ ಬರೆಯಬೇಕೋ ಎಂಬ ಈ ಮಾತನ್ನು ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೇ, ಅದೂ ನಾಮಕರಣದ ಹಿಂದಿನ ರಾತ್ರಿ, ಅವಸರದಲ್ಲಿ ಮುಗಿಸುತ್ತಾರೆ. ಮಗು ಮುಂದೆ ಅರವತ್ತು ಎಪ್ಪತ್ತು ವರ್ಷ ಸಹಿ ಹಾಕಬೇಕಾದ ಅಕ್ಷರಗಳು ಹೀಗೆ ಅವಸರದಲ್ಲಿ ತೀರ್ಮಾನವಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಬೇರೆ ಬಗೆಯ ಅಕ್ಷರಗಳನ್ನು ಬಯಸುವವರಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣವಿರುತ್ತದೆ. ಒಂದೇ ತರಗತಿಯಲ್ಲಿ ಅದೇ ಹೆಸರಿನ ಮೂವರು ನಾಲ್ವರು ಇರುತ್ತಾರೆ, ನಮ್ಮ ಮಗು ಗುಂಪಿನಲ್ಲಿ ಕಳೆದುಹೋಗಬಾರದು ಎಂಬುದು ಮೊದಲನೆಯದು. ನಕ್ಷತ್ರದ ಪಾದಕ್ಕೆ ಬಂದಿರುವ ಅಕ್ಷರದಿಂದಲೇ ಹೆಸರು ಆರಂಭವಾಗಬೇಕು ಎಂಬುದು ಎರಡನೆಯದು. ಸಂಖ್ಯಾಶಾಸ್ತ್ರದ ಪ್ರಕಾರ ಅಕ್ಷರಗಳ ಮೊತ್ತ ಕೂಡಿಬರಬೇಕು ಎಂಬುದು ಮೂರನೆಯದು. ಈ ಮೂರೂ ತಾಯ್ತಂದೆಯರ ಪ್ರೀತಿಯಿಂದಲೇ ಹುಟ್ಟಿದವು. ಯಾವುದನ್ನೂ ಹಗುರವಾಗಿ ಕಾಣಬೇಕಿಲ್ಲ. ಆದರೆ ಒಂದೊಂದಕ್ಕೂ ತಕ್ಕ ಪರಿಹಾರ ಬೇರೆ ಬೇರೆ. ಯಾವ ಕಾರಣಕ್ಕೆ ಯಾವ ದಾರಿ ಎಂದು ನೋಡದೆ ಸುಮ್ಮನೆ ಒಂದು ಅಕ್ಷರ ಸೇರಿಸಿದರೆ ಬಯಸಿದ್ದೂ ಸಿಗುವುದಿಲ್ಲ, ತೊಡಕೂ ತಪ್ಪುವುದಿಲ್ಲ.

ಮುಂದಿರುವ ದಾರಿಗಳು ಹೀಗಿವೆ: ಬಳಕೆಯಲ್ಲಿರುವ ಹೆಸರನ್ನೇ ಇಟ್ಟು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬದಲಿಸುವುದು, ಕನ್ನಡದ ಬರವಣಿಗೆಯನ್ನೇ ಬದಲಿಸುವುದು, ಹೆಸರನ್ನೇ ಅಪರೂಪದ್ದಾಗಿ ಆರಿಸಿ ಅಕ್ಷರಗಳನ್ನು ನೇರವಾಗಿ ಇಡುವುದು, ಮನೆಗೊಂದು, ದಾಖಲೆಗೊಂದು ಎಂದು ಎರಡು ಹೆಸರು ಇಡುವುದು. ಗೊಂದಲ ಬೇಡವೆಂದು ಕನ್ನಡದ ಬರವಣಿಗೆಗೆ ಕಾಗುಣಿತ ಎಂದೂ ಇಂಗ್ಲಿಷ್ ಅಕ್ಷರಗಳಿಗೆ ಸ್ಪೆಲ್ಲಿಂಗ್ ಎಂದೂ ಇಲ್ಲಿ ಕರೆದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮಗುವಿಗೆ ವಿಶಿಷ್ಟತೆ ಬೇಕಿದ್ದರೆ ಅದು ಹೆಸರಿನಲ್ಲಿರಲಿ, ಅಕ್ಷರಗಳಲ್ಲಿ ಬೇಡ. ಅಕ್ಷರ ಬದಲಿಸಲೇಬೇಕು ಎಂದಾದರೆ ಸ್ಪೆಲ್ಲಿಂಗನ್ನು ಮಾತ್ರ ಬದಲಿಸಿ, ಕಾಗುಣಿತವನ್ನು ಮುಟ್ಟಬೇಡಿ.

ಯಾವುದು ವಾಡಿಕೆ, ಯಾವುದು ಹೊಸತು

ಹೋಲಿಕೆಗೆ ಇಳಿಯುವ ಮುನ್ನ ಒಂದು ಮಾತು ಸ್ಪಷ್ಟವಾಗಬೇಕು. ಉತ್ತರ ಭಾರತದವರ ಕಣ್ಣಿಗೆ ವಿಚಿತ್ರವಾಗಿ ಕಾಣುವ ಎಷ್ಟೋ ಸ್ಪೆಲ್ಲಿಂಗುಗಳು ನಮ್ಮ ಕಡೆ ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಲತಾ, ಗೀತಾ, ಸ್ವಾತಿ ಎಂಬ ಹೆಸರುಗಳಲ್ಲಿ ‘ತ’ ಬಂದರೆ ನಾವು ‘ಟಿ’ ಆದ ಮೇಲೆ ‘ಎಚ್’ ಬರೆಯುತ್ತೇವೆ. ಹಿಂದಿ ಬಲ್ಲವರು ಬರಿಯ ‘ಟಿ’ ಬರೆಯುತ್ತಾರೆ. ಅವರು ‘ಟಿ-ಎಚ್’ ಅನ್ನು ‘ಥ’ಕಾರಕ್ಕೆ ಮೀಸಲಿಟ್ಟಿದ್ದಾರೆ, ನಾವು ಬರಿಯ ‘ಟಿ’ಯನ್ನು ‘ಟ’ಕಾರಕ್ಕೆ ಮೀಸಲಿಟ್ಟಿದ್ದೇವೆ. ಅವರಿಗೆ ತ ಮತ್ತು ಟ ಒಂದೇ ಆಗಿ ಕಾಣುತ್ತವೆ, ನಮಗೆ ತ ಮತ್ತು ಥ ಒಂದೇ ಆಗಿ ಕಾಣುತ್ತವೆ. ಎರಡು ಪದ್ಧತಿಗೂ ಒಂದೊಂದು ಕೊರತೆ ಇದೆ, ಹಾಗಾಗಿ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನಲು ಬರುವುದಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಯಾರೋ ಕೇಳಿದರು ಎಂದು ಮಗುವಿನ ಹೆಸರಿನಿಂದ ಆ ‘ಎಚ್’ ತೆಗೆಯುವ ಅಗತ್ಯವಿಲ್ಲ. ಮೈಸೂರಿನ ಶಾಲೆಯಲ್ಲಿ ಆ ‘ಎಚ್’ ಇದ್ದರೇ ಓದಲು ಸುಲಭ.

ಋಕಾರದ್ದೂ ಇದೇ ಕಥೆ. ನಮ್ಮ ಬಾಯಲ್ಲಿ ಅದು ‘ರು’ ಎಂಬಂತೆ ನುಡಿಯುತ್ತದೆ, ಹಿಂದಿಯವರ ಬಾಯಲ್ಲಿ ‘ರಿ’ ಎಂಬಂತೆ. ಅದಕ್ಕೇ ಅಮೃತಾ, ಕೃಪಾ, ಋತು ಎಂಬ ಹೆಸರುಗಳಲ್ಲಿ ನಮ್ಮವರು ‘ಯು’ ಬರೆದರೆ ಅವರು ‘ಐ’ ಬರೆಯುತ್ತಾರೆ. ಕೃಷ್ಣನ ಹೆಸರು ಮಾತ್ರ ನಮ್ಮಲ್ಲೂ ‘ಐ’ ಹಾಕಿಯೇ ಗಟ್ಟಿಯಾಗಿದೆ. ಜ್ಞಕಾರಕ್ಕೆ ‘ಜೆ-ಎನ್’, ‘ಜಿ-ಎನ್’, ‘ಜಿ-ವೈ’ ಮೂರೂ ಚಾಲ್ತಿಯಲ್ಲಿವೆ. ಜ್ಞಾನಪೀಠ ಪ್ರಶಸ್ತಿಯ ಸ್ಪೆಲ್ಲಿಂಗಿನಲ್ಲಿ ‘ಜೆ-ಎನ್’ ಇದೆ, ನಮ್ಮ ಕಡೆ ಹುಡುಗಿಯರ ಹೆಸರಿನಲ್ಲಿ ‘ಜಿ-ಎನ್’ ಕೂಡ ಕಾಣಸಿಗುತ್ತದೆ. ಕ್ಷಕಾರಕ್ಕೆ ‘ಕೆ-ಎಸ್-ಎಚ್’ ಬರೆಯುವವರೂ ಇದ್ದಾರೆ, ‘ಎಕ್ಸ್’ ಬರೆಯುವವರೂ ಇದ್ದಾರೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ತಮ್ಮ ಹೆಸರನ್ನು ‘ಎಕ್ಸ್’ ಹಾಕಿಯೇ ಬರೆದರು, ದೇಶವೆಲ್ಲ ಅದನ್ನು ತಡವರಿಸದೆ ಓದಿತು. ಮೈಸೂರಿನ ಅರಸು ಮನೆತನದ ‘ಒಡೆಯರ್’ ಎಂಬ ಹೆಸರಿಗೂ ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳಿವೆ; ಕನ್ನಡದಲ್ಲಿ ಅದು ಒಡೆಯರ್ ಆಗಿಯೇ ಉಳಿದಿದೆ.

ಇಂಥ ವಾಡಿಕೆಯ ರೂಪಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದು ವಿಚಿತ್ರ ಸ್ಪೆಲ್ಲಿಂಗ್ ಆಗುವುದಿಲ್ಲ. ಒಂದನ್ನು ಹಿಡಿದು ಎಲ್ಲ ದಾಖಲೆಯಲ್ಲೂ ಅದನ್ನೇ ಉಳಿಸಿಕೊಂಡರೆ ಸಾಕು. ಇನ್ನು ಮುಂದೆ ಹೇಳುವುದೆಲ್ಲ ಯಾವ ವಾಡಿಕೆಯಲ್ಲೂ ಇಲ್ಲದ ರೂಪಗಳ ಬಗ್ಗೆ.

ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬೇರೆ

ಈ ದಾರಿಯಲ್ಲಿ ಕನ್ನಡದ ಹೆಸರಿಗೆ ಏನೂ ಆಗುವುದಿಲ್ಲ. ನಾಮಕರಣದ ದಿನ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆಯುವುದೂ, ಅತ್ತೆ ಮಗುವಿನ ಕಿವಿಯಲ್ಲಿ ಹೇಳುವುದೂ ಅದೇ ಹೆಸರು. ಬದಲಾಗುವುದು ಇಂಗ್ಲಿಷ್ ಅರ್ಜಿಗಳಲ್ಲಿ ಮಾತ್ರ. ಆದ್ದರಿಂದ ಅಕ್ಷರ ಬದಲಿಸುವ ಎರಡು ದಾರಿಗಳಲ್ಲಿ ಕಡಿಮೆ ಅಪಾಯದ್ದು ಇದು.

ಆದರೂ ಸೇರಿಸುವ ಅಕ್ಷರಗಳಲ್ಲಿ ಎರಡು ಜಾತಿ ಇವೆ. ಉಚ್ಚಾರಕ್ಕಾಗಿ ಸೇರಿಸುವ ಅಕ್ಷರ ಒಂದು, ಲೆಕ್ಕಕ್ಕಾಗಿ ಸೇರಿಸುವ ಅಕ್ಷರ ಇನ್ನೊಂದು. ‘ಆರ್-ಎ-ಎಂ-ಎ’ ಎಂದು ನಾಲ್ಕು ಅಕ್ಷರ ಬರೆದರೆ ಅದನ್ನು ರಾಮ ಎಂದೂ ಓದಬಹುದು, ರಮಾ ಎಂದೂ ಓದಬಹುದು. ಒಂದು ಗಂಡು ಹೆಸರು, ಇನ್ನೊಂದು ಹೆಣ್ಣು ಹೆಸರು. ‘ಕೆ-ಎ-ಎಲ್-ಎ’ ಎಂದು ಬರೆದರೆ ಕಲಾ, ಕಾಲ, ಕಾಳ ಮೂರೂ ಆದೀತು. ಇಂಥಲ್ಲಿ ಎರಡನೆಯ ‘ಎ’ ಒಂದನ್ನು ಸರಿಯಾದ ಜಾಗದಲ್ಲಿ ಸೇರಿಸಿದರೆ ಅದು ದೀರ್ಘವನ್ನು ತೋರಿಸಿ ಓದುವವರಿಗೆ ನೆರವಾಗುತ್ತದೆ. ವಿಹಾನ್, ಇಶಾನ್ ಎಂಬ ಹೆಸರುಗಳಲ್ಲಿ ಕೊನೆಯ ‘ಎನ್’ಗೆ ಮೊದಲು ಎರಡು ‘ಎ’ ಬರೆಯುವುದು ಈ ಕಾರಣದಿಂದ ಒಪ್ಪಿಗೆಯಾದದ್ದೇ. ಹೆಸರಿನ ಕೊನೆಯಲ್ಲಿ ಉಚ್ಚಾರವಿಲ್ಲದ ‘ಎಚ್’ ಸೇರಿಸುವುದು, ‘ಐ’ ಇರಬೇಕಾದಲ್ಲಿ ‘ವೈ’ ಮತ್ತು ‘ಇ’ ಜೋಡಿಸುವುದು, ಒತ್ತಕ್ಷರವಿಲ್ಲದ ಕಡೆ ವ್ಯಂಜನವನ್ನು ಎರಡು ಮಾಡುವುದು, ಇವೆಲ್ಲ ಲೆಕ್ಕಕ್ಕಾಗಿ ಬಂದವು. ಓದುವವರು ಅವುಗಳಿಗೂ ಒಂದು ಉಚ್ಚಾರ ಇರಬೇಕೆಂದು ಊಹಿಸುತ್ತಾರೆ, ಊಹೆ ತಪ್ಪುತ್ತದೆ.

ಸಂಖ್ಯಾಶಾಸ್ತ್ರವನ್ನು ನಂಬುವವರು ಒಂದು ವಿಷಯ ತಿಳಿದಿರಬೇಕು. ಅಕ್ಷರಗಳಿಗೆ ಬೆಲೆ ಕಟ್ಟುವ ಪದ್ಧತಿ ಒಂದೇ ಅಲ್ಲ. ಹೆಚ್ಚು ಬಳಕೆಯಲ್ಲಿರುವ ಎರಡರಲ್ಲಿ ಕ್ಯಾಲ್ಡಿಯನ್ ಪದ್ಧತಿ 1ರಿಂದ 8ರವರೆಗಿನ ಅಂಕಿಗಳನ್ನು ಮಾತ್ರ ಕೊಡುತ್ತದೆ, ಪೈಥಾಗೋರಿಯನ್ ಪದ್ಧತಿ 1ರಿಂದ 9ರವರೆಗೆ ಕೊಡುತ್ತದೆ. ‘ಎಚ್’ ಎಂಬ ಅಕ್ಷರಕ್ಕೆ ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 8. ‘ಟಿ’ಗೆ ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 2. ಅಂದರೆ ಒಬ್ಬರು ಕೂಡಿಸಿಕೊಟ್ಟ ಮೊತ್ತ ಇನ್ನೊಬ್ಬರ ಪಟ್ಟಿಯಲ್ಲಿ ಕೂಡಿಬರದೇ ಹೋಗಬಹುದು, ಆಗ ಮತ್ತೆ ಅಕ್ಷರ ಬದಲಿಸಬೇಕೆಂಬ ಆಸೆ ಹುಟ್ಟಬಹುದು. ನಂಬಿಕೆ ಇರುವವರು ಯಾವ ಪದ್ಧತಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಲಿ. ಉಚ್ಚಾರಕ್ಕೆ ನೆರವಾಗುವ ಅಕ್ಷರಗಳಿಂದಲೇ, ಉದಾಹರಣೆಗೆ ದೀರ್ಘಕ್ಕೆ ಎರಡು ‘ಎ’ ಅಥವಾ ಎರಡು ‘ಇ’ ಬರೆದು, ಆ ಮೊತ್ತ ಬರುತ್ತದೆಯೇ ಎಂದು ನೋಡಲಿ. ‘ಎ’ಗೆ 1, ‘ಇ’ಗೆ 5 ಎಂಬುದು ಎರಡು ಪದ್ಧತಿಗಳಲ್ಲೂ ಸಮಾನವಾಗಿರುವುದರಿಂದ ಮುಂದೆ ತಕರಾರೂ ಕಡಿಮೆ. ಇನ್ನೊಂದು ಉಪಾಯವೆಂದರೆ ಹೆಸರಿನ ಸ್ಪೆಲ್ಲಿಂಗನ್ನು ಬಿಟ್ಟು ಇನಿಷಿಯಲ್ ಕಡೆ ನೋಡುವುದು. ನಮ್ಮ ಕಡೆ ಅಪ್ಪನ ಹೆಸರಿನ ಅಕ್ಷರ, ಊರಿನ ಅಕ್ಷರ ಎರಡೂ ಲಭ್ಯವಿರುವುದರಿಂದ ಅದಕ್ಕೆ ಅವಕಾಶವಿದೆ.

ತರಗತಿಯಲ್ಲಿ ಬೇರೆಯಾಗಿ ಕಾಣಬೇಕು ಎಂಬ ಉದ್ದೇಶಕ್ಕೆ ಮಾತ್ರ ಈ ದಾರಿಯಿಂದ ಏನೂ ಉಪಯೋಗವಿಲ್ಲ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಾಜರಿ ಕೂಗುವಾಗ ಮೇಷ್ಟರ ಬಾಯಿಂದ ಹೊರಡುವುದು ಸದ್ದು. ಒಬ್ಬಳು ಒಂದು ‘ಎ’ಯ ಕೀರ್ತನಾ, ಇನ್ನೊಬ್ಬಳು ಎರಡು ‘ಎ’ಯ ಕೀರ್ತನಾ ಆಗಿದ್ದರೂ ಕರೆದಾಗ ಇಬ್ಬರೂ ತಿರುಗಿ ನೋಡುತ್ತಾರೆ. ಕಡೆಗೆ ಅವರನ್ನು ಬೇರ್ಪಡಿಸುವುದು ಕೀರ್ತನಾ ಎಂ., ಕೀರ್ತನಾ ಎಸ್. ಎಂಬ ಇನಿಷಿಯಲ್ಲೇ. ಆದರೆ ಆ ಹೆಚ್ಚುವರಿ ಅಕ್ಷರದ ಭಾರ ಮಾತ್ರ ಮಗುವಿನ ಮೇಲೆ ಉಳಿಯುತ್ತದೆ. ದಾಖಲಾತಿಗೆ ಬಂದ ಪುಟ್ಟ ಹುಡುಗಿ ಗುಮಾಸ್ತರ ಮೇಜಿನ ಮುಂದೆ ನಿಂತು, ‘ಡಬಲ್ ಎ, ಆಮೇಲೆ ವೈ, ಕೊನೆಗೆ ಎಚ್ ಸರ್’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುವುದನ್ನು ನೋಡಿದ್ದೇನೆ; ಆಕೆಗೆ ಅದು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಗುಮಾಸ್ತರು ಬರೆದುಕೊಂಡದ್ದರಲ್ಲಿ ‘ವೈ’ ಇರಲಿಲ್ಲ. ಅಮ್ಮ ಬಗ್ಗಿ ನೋಡಿ ತಿದ್ದಿಸಿದರು. ಫೋನಿನಲ್ಲಿ, ಬ್ಯಾಂಕಿನಲ್ಲಿ, ಪರೀಕ್ಷೆಯ ಅರ್ಜಿಯಲ್ಲಿ ಹೀಗೆ ಬಗ್ಗಿ ನೋಡುವವರು ಪಕ್ಕದಲ್ಲಿ ಇರುವುದಿಲ್ಲ.

ತಂತ್ರಾಂಶಗಳಿಂದ ಬರುವ ತೊಡಕೂ ಒಂದಿದೆ. ಆಧಾರ್ ನೋಂದಣಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡ ರೂಪವನ್ನು ಯಂತ್ರವೇ ತಯಾರಿಸಿ ತೋರಿಸುತ್ತದೆ. ವಾಡಿಕೆಯ ಸ್ಪೆಲ್ಲಿಂಗ್ ಆದರೆ ಅದು ಬಹುಮಟ್ಟಿಗೆ ಸರಿಯಾಗಿರುತ್ತದೆ. ಉಚ್ಚಾರವಿಲ್ಲದ ‘ಎಚ್’ ಕೊನೆಯಲ್ಲಿದ್ದರೆ ಕನ್ನಡದಲ್ಲಿ ಬೇಡದ ‘ಹ್’ ಬಂದು ಕೂರಬಹುದು. ಆ ಕನ್ನಡ ರೂಪವನ್ನು ಅಲ್ಲೇ ತಿದ್ದಿಸಲು ಅವಕಾಶವಿದೆ, ಆದರೆ ಆ ಸಾಲನ್ನು ಓದಿ ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಹೀಗೆ ಇಂಗ್ಲಿಷಿಗೆ ಮಾತ್ರ ಎಂದುಕೊಂಡು ಮಾಡಿದ ಬದಲಾವಣೆ ಕನ್ನಡದೊಳಕ್ಕೂ ನುಸುಳುತ್ತದೆ.

ಒಂದೇ ಹೆಸರಿಗೆ ಎರಡು ಸ್ಪೆಲ್ಲಿಂಗ್ ಒಟ್ಟಿಗೆ ಬದುಕುವುದಕ್ಕೆ ನಮ್ಮ ಊರೇ ಸಾಕ್ಷಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಿಸಲಾಯಿತು, ಮೈಸೂರೂ ಅದರಲ್ಲಿ ಸೇರಿತ್ತು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ ಮಾತ್ರ ತನ್ನ ಇಂಗ್ಲಿಷ್ ಹೆಸರಿನಲ್ಲಿ ಹಳೆಯ ರೂಪವನ್ನೇ ಇಟ್ಟುಕೊಂಡಿದೆ. ಊರಿಗೆ ಇದರಿಂದ ತೊಂದರೆ ಇಲ್ಲ, ಏಕೆಂದರೆ ಊರು ಯಾವ ಕೌಂಟರಿನಲ್ಲೂ ತನ್ನ ಗುರುತನ್ನು ಸಾಬೀತುಪಡಿಸಬೇಕಿಲ್ಲ. ಮಗು ಸಾಬೀತುಪಡಿಸಬೇಕಾಗುತ್ತದೆ.

ಕನ್ನಡದ ಕಾಗುಣಿತವನ್ನೇ ಬದಲಿಸುವುದು

ನಾನು ಖಂಡಿತವಾಗಿ ಬೇಡ ಎನ್ನುವ ದಾರಿ ಇದು. ಸ್ಪೆಲ್ಲಿಂಗ್ ಬದಲಾದರೆ ಹೆಸರಿನ ಸದ್ದು ಉಳಿಯುತ್ತದೆ. ಕಾಗುಣಿತ ಬದಲಾದರೆ ಅರ್ಥವೇ ಹೋಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದಂತೆ ಓದುವುದರಿಂದ ಇಲ್ಲಿ ಅಲಂಕಾರಕ್ಕೆಂದು ಒಂದು ಅಕ್ಷರ ಸೇರಿಸಲು ಬರುವುದಿಲ್ಲ.

ಇತ್ತೀಚೆಗೆ ಬಹಳ ಕೇಳಿಬರುವ ಆದ್ಯಾ ಎಂಬ ಹೆಸರನ್ನೇ ನೋಡೋಣ. ಆದ್ಯ ಎಂದರೆ ಮೊದಲನೆಯದು, ಆದಿಯಲ್ಲಿರುವುದು. ದೇವಿಗೂ ಸಲ್ಲುವ ಹೆಸರು. ಇದನ್ನು ಗಂಭೀರವಾಗಿ ಕಾಣಿಸಲೆಂದು ‘ಆಧ್ಯಾ’ ಎಂದು ಮಹಾಪ್ರಾಣ ಹಾಕಿ ಬರೆಯುವವರಿದ್ದಾರೆ. ಹಾಗೆ ಬರೆದರೆ ಆ ಅರ್ಥ ಉಳಿಯುವುದಿಲ್ಲ. ವಿದ್ಯಾ ಎಂಬುದನ್ನು ‘ವಿಧ್ಯಾ’ ಎಂದು ಬರೆದರೂ ಅದೇ ಆಗುತ್ತದೆ. ಇಂಗ್ಲಿಷಿನಲ್ಲಿ ‘ಡಿ’ ಆದ ಮೇಲೆ ‘ಎಚ್’ ಸೇರಿಸಿದ್ದು ಕನ್ನಡಕ್ಕೆ ಮರಳಿದಾಗ ‘ಧ’ ಆಗಿ ಕೂರುವುದೇ ಇದಕ್ಕೆ ಹಲವು ಸಲ ಕಾರಣ. ಮಗು ಮೂರನೆಯ ತರಗತಿಗೆ ಬಂದು ಕನ್ನಡ ಓದಲು ಕಲಿತು, ಪಾಠದಲ್ಲಿ ಬಂದ ಪದವೂ ತನ್ನ ಹೆಸರೂ ಬೇರೆ ಬೇರೆಯಾಗಿ ಏಕಿವೆ ಎಂದು ಕೇಳಿದರೆ ತಾಯ್ತಂದೆಯರ ಬಳಿ ಸಮಾಧಾನಕರವಾದ ಉತ್ತರವಿರುವುದಿಲ್ಲ.

ಋತ್ವಿಕ್ ಎಂಬ ಹೆಸರಿಗೆ ಋತ್ವಿಕ್, ರುತ್ವಿಕ್, ರಿತ್ವಿಕ್ ಎಂಬ ಮೂರು ರೂಪಗಳು ಓಡಾಡುತ್ತಿವೆ. ಯಜ್ಞ ಮಾಡಿಸುವವನು ಎಂಬ ಅರ್ಥ ಇರುವುದು ಋಕಾರದ ರೂಪಕ್ಕೆ. ಉಳಿದೆರಡು ಕಿವಿಯಿಂದ ಬರೆದುಕೊಂಡವು. ಋಕಾರ ಬರೆಯುವುದು, ಫೋನಿನಲ್ಲಿ ಟೈಪ್ ಮಾಡುವುದು ಕೆಲವರಿಗೆ ಕಷ್ಟ ಎಂಬುದು ನಿಜ. ಆದರೆ ಕಷ್ಟವೆನಿಸಿದರೆ ಆ ಹೆಸರನ್ನು ಬಿಟ್ಟು ಸರಳವಾದ ಹೆಸರನ್ನು ಆರಿಸುವುದು ಮೇಲು, ಹೆಸರನ್ನು ಮುರಿಯುವುದು ಬೇಡ.

ಇಲ್ಲೊಂದು ನ್ಯಾಯವಾದ ಅಪವಾದವಿದೆ. ಸಂಸ್ಕೃತದ ಸಿದ್ಧ ಎಂಬುದು ನಮ್ಮ ಸೀಮೆಯ ಬಾಯಲ್ಲಿ ಸಿದ್ದ ಆಗಿ, ಸಿದ್ದೇಗೌಡ, ಸಿದ್ದಮ್ಮ, ಸಿದ್ದಲಿಂಗಯ್ಯ ಎಂಬ ಹೆಸರುಗಳಾಗಿ ತಲೆಮಾರುಗಳಿಂದ ಬೆಳೆದಿದೆ. ಮೈಸೂರು ಜಿಲ್ಲೆಯ ಸಿದ್ದರಾಮನಹುಂಡಿಯಲ್ಲಿ ಹುಟ್ಟಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರ ಹೆಸರನ್ನು ಕನ್ನಡದಲ್ಲಿ ಬರೆಯುವುದೂ ಹಾಗೆಯೇ. ಇದು ತಪ್ಪು ಕಾಗುಣಿತ ಅಲ್ಲ. ಜನ ತಮ್ಮದಾಗಿಸಿಕೊಂಡ ರೂಪ. ತಾತನ ಹೆಸರು ಸಿದ್ದಪ್ಪ ಎಂದಿದ್ದು ಮೊಮ್ಮಗನಿಗೆ ಆ ಹೆಸರು ಇಡುವಾಗ ಯಾರೋ ಹೇಳಿದರೆಂದು ಅದನ್ನು ‘ತಿದ್ದ’ಬೇಕಾಗಿಲ್ಲ. ಅದೇ ಮೊಮ್ಮಗನಿಗೆ ಸಿದ್ಧಾರ್ಥ ಎಂದು ಇಡುವುದಾದರೆ ಧಕಾರದ ಒತ್ತು ಇರಲಿ. ಒಂದು ಜನರ ಬಳಕೆಯಿಂದ ಬಂದ ಹೆಸರು, ಇನ್ನೊಂದು ಪುಸ್ತಕದಿಂದ ಬಂದ ಹೆಸರು. ಎರಡಕ್ಕೂ ಅದರದರ ಕಾಗುಣಿತ.

ಮಂಡ್ಯ, ಮದ್ದೂರು, ನಾಗಮಂಗಲದ ಹಳ್ಳಿಗಳ ಆಡುಮಾತನ್ನೂ ಗಮನಕ್ಕೆ ತಂದುಕೊಳ್ಳಬೇಕು. ಅಲ್ಲಿ ಪದದ ಮೊದಲ ಹಕಾರ ಹಲವರ ಬಾಯಲ್ಲಿ ಬಿದ್ದುಹೋಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶ, ಷ ಎರಡೂ ಸ ಆಗುತ್ತವೆ. ಹರ್ಷಿತ್ ಅಜ್ಜಿಯ ಬಾಯಲ್ಲಿ ‘ಅರ್ಸಿತ’ ಆಗುತ್ತಾನೆ, ಕರೆಯುವಾಗ ‘ಅರ್ಸಿ’ ಎಂದೂ ಆಗುತ್ತಾನೆ. ಅದು ಆ ಮಾತಿನ ಗುಣ, ಅದರಲ್ಲಿ ನಾಚುವಂಥದ್ದು ಏನೂ ಇಲ್ಲ. ಆದರೆ ಹೆಸರಿನ ವೈಶಿಷ್ಟ್ಯವೆಲ್ಲ ಒಂದು ಮಹಾಪ್ರಾಣದ ಮೇಲೆಯೋ, ಶ ಮತ್ತು ಷಗಳ ವ್ಯತ್ಯಾಸದ ಮೇಲೆಯೋ ನಿಂತಿದ್ದರೆ ಮಗುವನ್ನು ದಿನಕ್ಕೆ ನೂರು ಸಲ ಕರೆಯುವವರ ಬಾಯಲ್ಲೇ ಆ ವೈಶಿಷ್ಟ್ಯ ಇರುವುದಿಲ್ಲ.

ದಾಖಲೆಯ ಕಡೆಯಿಂದ ನೋಡಿದರೂ ಕನ್ನಡದ ಕಾಗುಣಿತಕ್ಕೆ ಹೆಚ್ಚು ತೂಕವಿದೆ. ಪಹಣಿ, ಪಡಿತರ ಚೀಟಿ, ವಂಶವೃಕ್ಷ, ಕನ್ನಡದ ಮತದಾರರ ಪಟ್ಟಿ ಇವೆಲ್ಲ ಕನ್ನಡದಲ್ಲಿರುವಂಥವು. ಮುಂದೆ ಜಮೀನಿಗೆ ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಕೀರ್ತನ, ಆಧಾರ್‌ನಲ್ಲಿ ಕೀರ್ತನಾ ಎಂದಿದ್ದರೂ ಪ್ರಶ್ನೆ ಏಳಬಹುದು. ಹೆಣ್ಣುಮಕ್ಕಳ ಹೆಸರಿನ ಕೊನೆಯ ದೀರ್ಘ ಎಲ್ಲರೂ ಅಲಕ್ಷಿಸುವ ಅಂಶ. ಇರಬೇಕೋ ಬೇಡವೋ ಎಂದು ಮೊದಲ ದಿನವೇ ತೀರ್ಮಾನಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಪರೂಪದ ಹೆಸರು, ನೇರವಾದ ಕಾಗುಣಿತ

ಕುವೆಂಪು ಅವರ, ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ ಬೆಳೆದ ಮಕ್ಕಳ ಹೆಸರುಗಳನ್ನು ನೋಡಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಕೋಕಿಲೋದಯ ಎಂಬ ಹೆಸರನ್ನು ಬೇರೆ ಯಾರಿಗಾದರೂ ಇಟ್ಟಿರುವುದನ್ನು ನಾನು ಕಂಡಿಲ್ಲ. ಆದರೂ ಅದರಲ್ಲಿ ತಿರುಚಿದ ಅಕ್ಷರ ಒಂದೂ ಇಲ್ಲ. ಕನ್ನಡ ಓದಲು ಬರುವ ಯಾರಾದರೂ ಮೊದಲ ಸಲಕ್ಕೇ ಸರಿಯಾಗಿ ಓದುತ್ತಾರೆ, ಕೇಳಿದವರು ಸರಿಯಾಗಿ ಬರೆಯುತ್ತಾರೆ. ಗುಂಪಿನಲ್ಲಿ ಬೇರೆಯಾಗಿ ನಿಲ್ಲಬೇಕೆಂಬ ಆಸೆಗೆ ನೇರವಾದ ಉತ್ತರ ಇದು.

ಇಂಥ ಹೆಸರುಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಹರಿಯುವ ನದಿಗಳನ್ನೇ ತೆಗೆದುಕೊಳ್ಳೋಣ. ಕಾವೇರಿ, ಹೇಮಾವತಿ ಎಲ್ಲರಿಗೂ ಗೊತ್ತು, ಹೆಸರಾಗಿಯೂ ಬಳಕೆಯಲ್ಲಿವೆ. ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯ ಹೆಸರನ್ನು ಮಗುವಿಗೆ ಇಟ್ಟವರು ವಿರಳ. ಅಕ್ಷರ ಅಕ್ಷರವಾಗಿ ಪರೀಕ್ಷಿಸಿ ನೋಡಿ: ಲೋ, ಕ, ಪಾ, ವ, ನಿ. ಒಂದು ಮಹಾಪ್ರಾಣವಿಲ್ಲ, ಹಕಾರವಿಲ್ಲ, ಶ, ಷಗಳ ತೊಡಕಿಲ್ಲ, ಒತ್ತಕ್ಷರವಿಲ್ಲ. ನಗರದ ಬಾಯಲ್ಲೂ ಹಳ್ಳಿಯ ಬಾಯಲ್ಲೂ ಒಂದೇ ರೀತಿ ನುಡಿಯುತ್ತದೆ, ಇಂಗ್ಲಿಷಿನಲ್ಲಿ ಬರೆಯಲು ಎರಡು ದಾರಿ ಹುಡುಕಬೇಕಿಲ್ಲ, ಮುದ್ದಿಗೆ ಪಾವನಿ ಎಂದು ಕರೆಯಬಹುದು. ಮದ್ದೂರಿನ ಶಿಂಷಾ ಚಿಕ್ಕದಾಗಿ ಚೆನ್ನಾಗಿದೆ, ಆದರೆ ಮೇಲೆ ಹೇಳಿದ ಕಾರಣದಿಂದ ‘ಸಿಂಸಾ’ ಆಗುವ ಸಾಧ್ಯತೆಗೆ ಸಿದ್ಧರಿರಬೇಕು. ಮೇಲುಕೋಟೆಯ ಚೆಲುವನಾರಾಯಣನಿಂದ ಬಂದ ಚೆಲುವ, ಚೆಲುವರಾಯ ಎಂಬ ಹೆಸರುಗಳು ಒಂದು ಕಾಲದಲ್ಲಿ ಇಲ್ಲಿ ಧಾರ್ಮಿಕ ಭಕ್ತಿಯಿಂದ ಧಾರಾಳವಾಗಿದ್ದವು, ಈಗಿನ ಮಕ್ಕಳಲ್ಲಿ ಅಪರೂಪವಾಗಿವೆ. ಹಳೆಯ ಹೆಸರು ಒಂದು ತಲೆಮಾರು ಮರೆಯಾದರೆ ಮತ್ತೆ ಹೊಸದಾಗಿಯೇ ಕೇಳಿಸುತ್ತದೆ.

ಅಚ್ಚಗನ್ನಡದ ನೇಸರ, ಇಬ್ಬನಿ, ಇಂಚರ, ಒಲವು ಮುಂತಾದವುಗಳಿಗೂ ಇದೇ ಅನುಕೂಲವಿದೆ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲದಿರುವುದರಿಂದ ಅವು ಆಡುಮಾತಿನಲ್ಲಿ ಕೆಡುವುದು ಕಡಿಮೆ. ಳಕಾರ, ಣಕಾರ ಇರುವ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿ ಲಕಾರ, ನಕಾರಗಳಾಗಿ ಕಾಣುತ್ತವೆ. ಅದನ್ನು ಸ್ಪೆಲ್ಲಿಂಗಿನಿಂದ ಸರಿಪಡಿಸಲು ಹೋಗಬೇಡಿ, ಇಂಗ್ಲಿಷಿನಲ್ಲಿ ಅದಕ್ಕೆ ಅಕ್ಷರವೇ ಇಲ್ಲ.

ಅಪರೂಪದ ಹೆಸರಿಗೂ ಒಂದು ಬೆಲೆ ತೆರಬೇಕು. ‘ಹಂಗಂದ್ರೇನು?’ ಎಂದು ಕೇಳುವವರಿಗೆ ಅರ್ಥ ಹೇಳಬೇಕಾಗುತ್ತದೆ. ಗಂಡೋ ಹೆಣ್ಣೋ ಎಂದು ಹೆಸರಿನಿಂದ ತಿಳಿಯದೆ ಇರಬಹುದು. ಆದರೆ ಅರ್ಥ ಹೇಳುವುದು ಮಗುವಿಗೆ ಹೆಮ್ಮೆಯ ಕೆಲಸ, ಸ್ಪೆಲ್ಲಿಂಗ್ ಒಪ್ಪಿಸುವುದು ಬರಿಯ ಕೆಲಸ. ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಹೆಸರು ಸಾಮಾನ್ಯವಾದದ್ದೇ ಇರಲಿ, ಗುರುತು ಮಾತ್ರ ಬೇರೆಯಿರಲಿ ಎನ್ನುವವರು ಊರಿನ ಹೆಸರನ್ನು ಪೂರ್ತಿಯಾಗಿ ಜೊತೆಗಿಡಬಹುದು. ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಮೊದಲ ‘ಕೆ’ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ. ನಮ್ಮ ಸೀಮೆಯಲ್ಲಿ ಅಡ್ಡಹೆಸರಿಲ್ಲದ ಕುಟುಂಬಗಳೇ ಹೆಚ್ಚಾಗಿರುವುದರಿಂದ ಈ ಜಾಗ ಖಾಲಿಯೇ ಇದೆ.

ಮನೆಗೊಂದು, ದಾಖಲೆಗೊಂದು

ನಕ್ಷತ್ರದ ಅಕ್ಷರ ಕಾಡುವವರಿಗೆ ಹೇಳಿ ಮಾಡಿಸಿದ ದಾರಿ ಇದು. ಆರ್ದ್ರಾ ನಕ್ಷತ್ರದ ನಾಲ್ಕು ಪಾದಗಳಿಗೆ ಕು, ಘ, ಙ, ಛ ಎಂದೂ ಹಸ್ತಾ ನಕ್ಷತ್ರಕ್ಕೆ ಪು, ಷ, ಣ, ಠ ಎಂದೂ ಪಂಚಾಂಗ ಹೇಳುತ್ತದೆ. ಙಕಾರದಿಂದಲೋ ಣಕಾರದಿಂದಲೋ ಆರಂಭವಾಗುವ ಹೆಸರು ನಮ್ಮ ಭಾಷೆಯಲ್ಲಿ ಸಿಗದೆ, ಇಲ್ಲದ ಹೆಸರನ್ನು ಕಟ್ಟಲು ಹೊರಟು ಕಾಗುಣಿತ ಕೆಡಿಸಿಕೊಳ್ಳುವವರಿದ್ದಾರೆ. ಆದರೆ ಶಾಸ್ತ್ರವೇ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ಬೇರೆ ಬೇರೆ ಹೆಸರುಗಳಿಗೆ ಅವಕಾಶ ಕೊಟ್ಟಿದೆ. ನಕ್ಷತ್ರನಾಮವನ್ನು ಜಾತಕದಲ್ಲಿ, ಪೂಜೆಯ ಸಂಕಲ್ಪದಲ್ಲಿ ಉಳಿಸಿಕೊಂಡು, ಜನನ ನೋಂದಣಿಗೆ ವ್ಯಾವಹಾರಿಕ ನಾಮವನ್ನು ಮಾತ್ರ ಕೊಡಿ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕುವುದು, ಅಲಿಯಾಸ್ ಎಂದು ಬರೆಸುವುದು ಬೇಡ.

ನೋಂದಣಿಗೆ ಮೊದಲು

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆದರೆ ಹೆಸರನ್ನೂ ಆಗಲೇ ಕೊಡಬೇಕೆಂದು ಕಡ್ಡಾಯವಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದಾದ ಮೇಲೆ ತಡದ ಶುಲ್ಕ ಕೊಟ್ಟು 15 ವರ್ಷದವರೆಗೂ ಸೇರಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ನಮೂನೆ ತುಂಬುವಾಗ ಹೆಸರಿನ ಜಾಗವನ್ನು ಖಾಲಿ ಬಿಡಲು ಹೆದರಬೇಡಿ. ನಾಮಕರಣ ಮುಗಿಸಿ, ಎರಡು ಮೂರು ತಿಂಗಳು ಆ ಹೆಸರಿನಿಂದ ಕರೆದು ನೋಡಿ, ಆಮೇಲೆ ಕೊಟ್ಟರೂ ಕಾನೂನಿನ ಪ್ರಕಾರ ಸರಿಯೇ.

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದಾಗಿ ಆ ದಿನದಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರದ ಮಹತ್ವ ಬಹಳ ಹೆಚ್ಚಿದೆ. ಶಾಲೆ ಸೇರಲು, ಆಧಾರ್‌ಗೆ, ಪಾಸ್‌ಪೋರ್ಟಿಗೆ, ಚಾಲನಾ ಪರವಾನಗಿಗೆ, ಮದುವೆಯ ನೋಂದಣಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಅದೇ. ಅದರಲ್ಲಿರುವ ಹೆಸರಿನ ರೂಪವೇ ಮುಂದಿನ ಎಲ್ಲಕ್ಕೂ ತಳಪಾಯವಾಗುತ್ತದೆ. ಅಲ್ಲಿಂದಾಚೆಗೆ ಒಂದೊಂದು ದಾಖಲೆಯೂ ಹಿಂದಿನದರೊಂದಿಗೆ ತಾಳೆಯಾಗಬೇಕು; ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಸಂಖ್ಯೆಗೂ ಶಾಲೆಯ ದಾಖಲೆಯ ಹೆಸರು ಆಧಾರ್‌ನ ಹೆಸರಿಗೆ ಹೊಂದಬೇಕು. ಪಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆದ್ದರಿಂದ ಆ ‘ಎಂ’ ಎಂದರೆ ಮಂಜುನಾಥನೋ ಮಂಡ್ಯವೋ ಎಂಬುದೂ, ಅದರ ಸ್ಪೆಲ್ಲಿಂಗೂ ಈಗಲೇ ನಿಶ್ಚಯವಾಗಿರಬೇಕು.

ತೀರ್ಮಾನಿಸುವ ಮುನ್ನ ಮಾಡಿ ನೋಡಬೇಕಾದ ಪರೀಕ್ಷೆ ಸರಳ. ಹೆಸರನ್ನು ಮೊದಲು ಕೇಳದ ನೆಂಟರೊಬ್ಬರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳಿಸಲು ಕೇಳಿ. ಇನ್ನೊಬ್ಬರಿಗೆ ನಿಮ್ಮ ಸ್ಪೆಲ್ಲಿಂಗನ್ನು ಮಾತ್ರ ತೋರಿಸಿ ಓದಿಸಿ. ಹಳ್ಳಿಯಲ್ಲಿರುವ ಅಜ್ಜಿಯೋ ತಾತನೋ ಗಟ್ಟಿಯಾಗಿ ಕೂಗಿ ಕರೆಯಲಿ. ಬರೆದವರು ಇಂಗ್ಲಿಷಿನಲ್ಲಿ ಒಂದು ಅಕ್ಷರ ಬೇರೆ ಬರೆದರೆ ಚಿಂತೆಯಿಲ್ಲ, ಅದು ಎಲ್ಲ ಹೆಸರಿಗೂ ಆಗುವಂಥದ್ದು. ಕನ್ನಡದಲ್ಲೇ ತಪ್ಪು ಬರೆದರೆ, ಅಥವಾ ಸ್ಪೆಲ್ಲಿಂಗ್ ಓದಿದವರು ಬೇರೆಯೇ ಹೆಸರು ಹೇಳಿದರೆ, ಮತ್ತೊಮ್ಮೆ ಯೋಚಿಸಿ.

ಈಗಾಗಲೇ ನೋಂದಣಿಯಾಗಿದ್ದರೆ

ಜನನ ಪ್ರಮಾಣಪತ್ರದಲ್ಲಿ ತಪ್ಪು ನುಸುಳಿದ್ದರೆ ಅದೇ ಕಾಯ್ದೆಯ 15ನೆಯ ಕಲಮಿನಡಿ ತಿದ್ದುಪಡಿ ಕೇಳಬಹುದು. ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿಯನ್ನು ಬರೆಯುತ್ತಾರೆ. ಆದರೆ ಆ ಕಲಮು ಇರುವುದು ತಪ್ಪನ್ನು ಸರಿಪಡಿಸಲು. ಮನಸ್ಸು ಬದಲಾಯಿತು, ಬೇರೆ ಸ್ಪೆಲ್ಲಿಂಗ್ ಹಿಡಿಸಿತು ಎಂಬುದು ಅದರಡಿ ಸುಲಭವಾಗಿ ನಡೆಯುವುದಿಲ್ಲ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು. ಮಗುವಿನ ಹೆಸರಿನಲ್ಲಿ ಆ ಎರಡನ್ನೂ ತಾಯ್ತಂದೆಯರೇ ಖರ್ಚು ಮಾಡಿಬಿಟ್ಟರೆ ದೊಡ್ಡದಾದ ಮೇಲೆ ಆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಎರಡು ದಾಖಲೆಗಳಲ್ಲಿ ಬೇರೆ ಬೇರೆ ರೂಪವಿದ್ದರೆ, ಇಷ್ಟವಾದ ರೂಪ ಯಾವುದು ಎಂದು ಯೋಚಿಸುವುದನ್ನು ಬಿಟ್ಟು, ಜನನ ಪ್ರಮಾಣಪತ್ರದಲ್ಲಿರುವ ರೂಪವನ್ನು ಆಧಾರವಾಗಿಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೊಂದಿಸಿ. ಆ ಕೆಲಸವನ್ನು ಒಂದನೆಯ ತರಗತಿಗೆ ಸೇರಿಸುವ ಮೊದಲೇ ಮಾಡಿ ಮುಗಿಸಿ. ಶಾಲೆಯ ದಾಖಲಾತಿ ಪುಸ್ತಕಕ್ಕೆ ಹೋದ ರೂಪವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಮುಂದುವರಿಯುತ್ತದೆ, ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಲು ಅಫಿಡವಿಟ್ಟು ಹಿಡಿದು ಕಚೇರಿಗಳಿಗೆ ಅಲೆಯಬೇಕಾಗುತ್ತದೆ.